ಬೋನ್ಸಾಯ್ ಕುಂಡಕ್ಕೆ ಇನ್ನೂ ಅವಸರವಿಲ್ಲ

ಪ್ರಶ್ನೆ: ನರ್ಸರಿಯಿಂದ ಒಂದು ಜಪಾನೀಸ್ ಮೇಪಲ್ ತಂದಿದ್ದೇನೆ. ಚೀಟಿಯಲ್ಲಿ ‘ಬ್ಲಡ್‌ಗುಡ್’ ಎಂದಿದೆ, ಎಲೆ ಕಡುಗೆಂಪು. ಎತ್ತರ ನಾಲ್ಕು ಅಡಿಗಿಂತ ಸ್ವಲ್ಪ ಜಾಸ್ತಿ, ಬುಡ ನನ್ನ ಹೆಬ್ಬೆರಳಿಗಿಂತ ತುಸು ದಪ್ಪ. ಕಾಂಡ ಕೋಲಿನ ಹಾಗೆ ನೆಟ್ಟಗಿದೆ, ಕೆಳಗಿನ ಒಂದೂವರೆ ಅಡಿಯಲ್ಲಿ ಒಂದು ರೆಂಬೆಯೂ ಇಲ್ಲ. ಮಣ್ಣಿನಿಂದ ಮೂರು ಬೆರಳು ಮೇಲೆ ಗಂಟಿನಂಥ ಉಬ್ಬು ಇದೆ. ಕುಂಡದ ತಳದ ತೂತಿನಿಂದ ಬೇರು ಹೊರಗೆ ಬಂದಿವೆ. ಬೋನ್ಸಾಯ್ ಮಾಡುವ ಆಸೆಯಿಂದ ಆಳವಿಲ್ಲದ ಒಂದು ಕುಂಡವನ್ನೂ ಒಂದು ಸುರುಳಿ ಅಲ್ಯೂಮಿನಿಯಂ ತಂತಿಯನ್ನೂ ತಂದಿಟ್ಟುಕೊಂಡಿದ್ದೇನೆ. ಆದರೆ ಕೇಳಿದಷ್ಟೂ ಗೊಂದಲ. ‘ಅರ್ಧಕ್ಕೆ ಕತ್ತರಿಸಿ ಇವತ್ತೇ ಚಿಕ್ಕ ಕುಂಡಕ್ಕೆ ಹಾಕು, ಕಾಂಡ ತಾನಾಗಿ ದಪ್ಪ ಆಗುತ್ತದೆ’ ಎನ್ನುತ್ತಾರೆ ಒಬ್ಬರು. ‘ಮೇಪಲ್ ಕತ್ತರಿಸಿದರೆ ರಸ ಸೋರಿ ಸಾಯುತ್ತದೆ, ತಂತಿ ಮಾತ್ರ ಸುತ್ತು’ ಎನ್ನುತ್ತಾರೆ ಇನ್ನೊಬ್ಬರು. ಎಲೆಯನ್ನೆಲ್ಲ ಕಿತ್ತರೆ ಚಿಕ್ಕ ಎಲೆ ಬರುತ್ತದಂತೆ, ನಿಜವೇ? ಮನೆಯೊಳಗೆ ಕಿಟಕಿ ಪಕ್ಕ ಇಡಬಹುದೇ? ಗಿಡ ಸಾಯುತ್ತದೆ ಅನ್ನುವ ಭಯಕ್ಕೆ ಇನ್ನೂ ಕೈ ಹಚ್ಚಿಲ್ಲ. ಈಗ ಎಲೆ ಪೂರ್ತಿ ಬಲಿತಿದೆ. ಎಲ್ಲಿಂದ ಶುರುಮಾಡಲಿ?

ಉತ್ತರ: ಇನ್ನೂ ಕೈ ಹಚ್ಚದೆ ಕಾದಿದ್ದು ಒಳ್ಳೆಯದೇ ಆಯಿತು. ಹೊಸ ಎಲೆ ಬಲಿತ ಈ ಹೊತ್ತು ಮೇಪಲ್ ಮೇಲೆ ದೊಡ್ಡ ಕೆಲಸ ಮಾಡುವುದಕ್ಕೆ ಒಳ್ಳೆಯ ಸಮಯ. ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ, ಆದರೆ ಎಲ್ಲದರ ಹಿಂದೆ ಇರುವುದು ಒಂದೇ. ಈ ನೆಟ್ಟನೆಯ ಕೋಲು ಮರದ ಹಾಗೆ ಕಾಣಬೇಕು, ಅಷ್ಟರಲ್ಲಿ ಸಾಯಲೂಬಾರದು, ಅಲ್ವಾ?

ನರ್ಸರಿಯವರು ನಿಮಗೆ ಕೆಟ್ಟ ಗಿಡ ಕೊಟ್ಟಿಲ್ಲ. ಅದು ತೋಟದಲ್ಲಿ ನೆಡುವುದಕ್ಕೆಂದು ಬೆಳೆಸಿದ ಗಿಡ. ತೋಟಕ್ಕೆ ಬೇಕಾದದ್ದು ಎತ್ತರ, ನೆಟ್ಟನೆಯ ಕಾಂಡ, ಬೇಗ ತುಂಬುವ ತಲೆ. ಬೋನ್ಸಾಯ್‌ಗೆ ಬೇಕಾದದ್ದು ಅದರ ಉಲ್ಟಾ: ದಪ್ಪ ಬುಡ, ಮೇಲೆ ಹೋದ ಹಾಗೆ ಸಣ್ಣಗಾಗುವ ಕಾಂಡ, ಕೆಳಗಿನಿಂದಲೇ ರೆಂಬೆಗಳು, ಮಣ್ಣಿನ ಮಟ್ಟದಲ್ಲಿ ಸುತ್ತಲೂ ಹರಡಿಕೊಂಡ ಬೇರು. ಈ ಬೇರಿನ ಹರವನ್ನು ಬೋನ್ಸಾಯ್ ಮಾಡುವವರು ನೆಬಾರಿ ಎನ್ನುತ್ತಾರೆ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಗಿಡದಲ್ಲಿ ಸದ್ಯ ಈ ನಾಲ್ಕರಲ್ಲಿ ಒಂದೂ ಇದ್ದ ಹಾಗಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನರ್ಸರಿಯ ಎಲೆ ಉದುರುವ ಗಿಡಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಆದರೆ ರೂಪ ಕೊಡುವ ಕೆಲಸ ಇನ್ನೂ ದೂರ ಇದೆ ಅನ್ನೋದನ್ನು ಈಗಲೇ ಒಪ್ಪಿಕೊಂಡರೆ ಮುಂದಿನದು ಸುಲಭ. ಈಗ ಮಾಡಬೇಕಾದ್ದು ಬುಡದ ಕೆಲಸ. ರೆಂಬೆ, ತಂತಿ, ಕುಂಡ ಎಲ್ಲ ಆಮೇಲೆ.

ಚಿಕ್ಕ ಕುಂಡ ಕಾಂಡವನ್ನು ದಪ್ಪ ಮಾಡುವುದಿಲ್ಲ

ಮೊದಲ ಸಲಹೆ ಪೂರ್ತಿ ತಪ್ಪು. ಯಾಕೆ ತಪ್ಪು ಅಂತ ತಿಳಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಎಂಬ ತೆಳ್ಳನೆಯ ಪದರ ಇದೆ. ಪ್ರತಿ ವರ್ಷ ಒಳಗೆ ಹೊಸ ಕಟ್ಟಿಗೆ, ಹೊರಗೆ ಹೊಸ ತೊಗಟೆ ಕಟ್ಟುವುದು ಇದೇ ಪದರ. ಅದಕ್ಕೆ ಬೇಕಾದ ಸಕ್ಕರೆ ಬರುವುದು ಎಲೆಗಳಿಂದ. ಮೇಲೆ ಎಷ್ಟು ಎಲೆ, ಎಷ್ಟು ಉದ್ದಕ್ಕೆ ಓಡುವ ಚಿಗುರು ಇದೆಯೋ ಅದರ ಕೆಳಗಿನ ಕಾಂಡ ಅಷ್ಟು ದಪ್ಪ ಆಗುತ್ತದೆ. ಚಿಕ್ಕ ಕುಂಡದಲ್ಲಿ ಬೇರಿಗೆ ಜಾಗ ಇಲ್ಲ, ಬೇರು ನಿಂತರೆ ಚಿಗುರೂ ನಿಲ್ಲುತ್ತದೆ, ಚಿಗುರು ನಿಂತರೆ ಕಾಂಡವೂ ಇದ್ದಲ್ಲೇ ಇರುತ್ತದೆ. ಮುಗಿದ ಬೋನ್ಸಾಯನ್ನು ಆಳವಿಲ್ಲದ ಕುಂಡಕ್ಕೆ ಹಾಕುವುದು ನೋಟಕ್ಕೆ ಮಾತ್ರ ಅಲ್ಲ, ಬೆಳವಣಿಗೆ ನಿಧಾನ ಆಗಲಿ ಅಂತಲೂ ಹೌದು. ಹೆಬ್ಬೆರಳು ಗಾತ್ರದ ಗಿಡವನ್ನು ಈಗಲೇ ಅದರೊಳಗೆ ಕೂರಿಸಿದರೆ ಹತ್ತು ವರ್ಷ ಬಿಟ್ಟು ನೋಡಿದರೂ ಅದು ಹೆಚ್ಚುಕಮ್ಮಿ ಹೆಬ್ಬೆರಳು ಗಾತ್ರದಲ್ಲೇ ಇರುತ್ತದೆ.

ಒಂದು ಅಂದಾಜು ಇಟ್ಟುಕೊಳ್ಳಿ. ಬುಡದ ದಪ್ಪದ ಆರು ಪಟ್ಟು ಎತ್ತರ ಇದ್ದರೆ ಮರ ಗಟ್ಟಿಮುಟ್ಟಾಗಿ ಕಾಣುತ್ತದೆ ಎನ್ನುವುದು ಈ ಕಲೆಯಲ್ಲಿ ರೂಢಿಯ ಲೆಕ್ಕ. ನಿಮ್ಮ ಬುಡ ಸುಮಾರು 2.5 ಸೆಂ.ಮೀ. ಇರಬಹುದು. ಆ ಲೆಕ್ಕದಲ್ಲಿ ಸಿಗುವುದು 15 ಸೆಂ.ಮೀ. ಎತ್ತರದ ಪುಟ್ಟ ಮರ. 30 ಸೆಂ.ಮೀ. ಮರ ಬೇಕೆಂದರೆ ಬುಡ 5 ಸೆಂ.ಮೀ. ಆಗಬೇಕು. ಇದು ಕಟ್ಟುನಿಟ್ಟಿನ ನಿಯಮ ಅಲ್ಲ. ತೆಳ್ಳಗೆ, ನಾಜೂಕಾಗಿ ಎತ್ತರಕ್ಕೆ ಹೋದ ಮೇಪಲ್‌ಗಳು ಬಹಳ ಚೆನ್ನಾಗಿ ಕಾಣುತ್ತವೆ, ನನಗಂತೂ ಅವೇ ಹೆಚ್ಚು ಇಷ್ಟ. ಆದರೆ ಯಾವುದು ಬೇಕು ಅನ್ನೋದನ್ನು ಗರಗಸ ಹಿಡಿಯುವ ಮುಂಚೆ ತೀರ್ಮಾನ ಮಾಡಬೇಕು.

ಆ ಗಂಟು ಕಸಿಯ ಗುರುತು

ಕೆಂಪೆಲೆಯ ಹೆಸರಾಂತ ತಳಿಗಳನ್ನು ನರ್ಸರಿಗಳು ಹೆಚ್ಚಾಗಿ ಕಸಿ ಕಟ್ಟಿಯೇ ಬೆಳೆಸುತ್ತವೆ. ಕೆಳಗೆ ಬೀಜದಿಂದ ಬಂದ ಸಾಮಾನ್ಯ ಹಸಿರು ಜಪಾನೀಸ್ ಮೇಪಲ್, ಮೇಲೆ ಬ್ಲಡ್‌ಗುಡ್‌ನ ಕಡ್ಡಿ. ಎರಡೂ ಕೂಡಿದ ಜಾಗವೇ ಆ ಉಬ್ಬು. ಹತ್ತಿರದಿಂದ ನೋಡಿ. ಉಬ್ಬಿನ ಕೆಳಗೆ ತೊಗಟೆ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣ ಇರಬಹುದು. ಕೆಳಗಿನದು ಒರಟು, ಮೇಲಿನದು ನುಣುಪು ಇರಬಹುದು. ಬುಡದಿಂದ ಯಾವಾಗಲಾದರೂ ಹಸಿರು ಎಲೆಯ ಚಿಗುರು ಎದ್ದಿದ್ದರೆ ಅನುಮಾನವೇ ಬೇಡ.

ತೋಟದ ಗಿಡಕ್ಕೆ ಇದು ದೋಷ ಅಲ್ಲ. ಬೋನ್ಸಾಯ್‌ಗೆ ಮಾತ್ರ ತಲೆನೋವು. ಎರಡು ಕಟ್ಟಿಗೆಗಳು ಬೇರೆ ಬೇರೆ ವೇಗದಲ್ಲಿ ದಪ್ಪ ಆಗುತ್ತವೆ. ಹಾಗಾಗಿ ಆ ಉಬ್ಬು ವರ್ಷ ಹೋದ ಹಾಗೆ ಮರೆಯಾಗುವ ಬದಲು ಎದ್ದು ಕಾಣುವುದೇ ಹೆಚ್ಚು. ನೋಡುವವರ ಕಣ್ಣು ಮೊದಲು ಹೋಗುವ ಜಾಗದಲ್ಲೇ ಅದು ಕೂತಿದೆ. ಗಂಟನ್ನು ಕೆತ್ತಿ ನಯ ಮಾಡುತ್ತೇನೆ ಅಂತ ಹೊರಡಬೇಡಿ. ಗಾಯ ದೊಡ್ಡದಾಗುತ್ತದೆ, ಎರಡು ತೊಗಟೆಗಳ ವ್ಯತ್ಯಾಸ ಹಾಗೇ ಉಳಿಯುತ್ತದೆ.

ಇನ್ನೊಂದು ತಪಾಸಣೆ ಇವತ್ತೇ ಮಾಡಬಹುದು, ಗಿಡಕ್ಕೆ ಏನೂ ಆಗುವುದಿಲ್ಲ. ಒಂದು ಕಡ್ಡಿ ತಗೊಂಡು ಬುಡದ ಸುತ್ತ ಮೇಲ್ಮಣ್ಣು ಕೆದಕಿ. ನರ್ಸರಿಯಲ್ಲಿ ಕುಂಡದಿಂದ ಕುಂಡಕ್ಕೆ ಬದಲಿಸುವಾಗ ಗಿಡ ಪ್ರತಿ ಸಲ ಸ್ವಲ್ಪ ಆಳಕ್ಕೆ ಹೋಗಿರುತ್ತದೆ, ನಿಜವಾದ ಬುಡ ಎರಡು ಬೆರಳು ಕೆಳಗೆ ಹೂತಿರಬಹುದು. ಸುತ್ತಲೂ ಬೇರು ಹೊರಟಿವೆಯೋ, ಇಲ್ಲಾ ಒಂದೇ ಕಡೆ ದಪ್ಪ ಬೇರು ಬಂದು ಕುಂಡದ ಗೋಡೆಗೆ ಒರಗಿ ಸುತ್ತಿಕೊಂಡಿದೆಯೋ ನೋಡಿ. ತೂತಿನಿಂದ ಬೇರು ಬಂದಿವೆ ಎಂದಿದ್ದೀರಿ, ಸುತ್ತಿಕೊಂಡಿರುವ ಸಾಧ್ಯತೆಯೇ ಹೆಚ್ಚು. ನೋಡಿದ ಮೇಲೆ ಮಣ್ಣು ಮುಚ್ಚಿ. ಈಗ ಬೇರು ಬಿಡಿಸುವ ಕೆಲಸ ಬೇಡ.

ಕತ್ತರಿಸಿದರೆ ಸಾಯುತ್ತದಾ?

ಎರಡನೆಯವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಚಳಿಗಾಲದ ಕೊನೆಗೆ, ಎಲೆ ಬರುವ ಮುಂಚೆ, ಗಿಡದೊಳಗಿನ ರಸ ಒತ್ತಡದಲ್ಲಿ ಇರುತ್ತದೆ. ಆಗ ಮೇಪಲ್ ಕತ್ತರಿಸಿದರೆ ಗಾಯದಿಂದ ರಸ ದಿನಗಟ್ಟಲೆ ತೊಟ್ಟಿಕ್ಕುತ್ತದೆ. ನೋಡಿದರೆ ಭಯ ಆಗುತ್ತದೆ, ಆದರೆ ಗಟ್ಟಿ ಗಿಡ ಅಷ್ಟಕ್ಕೇ ಸಾಮಾನ್ಯವಾಗಿ ಸಾಯುವುದಿಲ್ಲ. ಎಲೆ ಬಲಿತ ಮೇಲೆ ಈ ಸಮಸ್ಯೆ ಇಲ್ಲ. ಎಲೆಗಳೇ ನೀರನ್ನು ಎಳೆದುಕೊಳ್ಳುವುದರಿಂದ ಆ ಒತ್ತಡ ಉಳಿಯುವುದಿಲ್ಲ.

ನಿಜವಾದ ಅಪಾಯ ರಸದ್ದಲ್ಲ, ಶಕ್ತಿಯ ಲೆಕ್ಕದ್ದು. ಎಲೆ ಉದುರುವ ಮರಕ್ಕೆ ಬೇರು, ಕಾಂಡವೇ ಕಣಜ. ಹಿಂದಿನ ವರ್ಷ ಕೂಡಿಟ್ಟದ್ದನ್ನು ಖರ್ಚು ಮಾಡಿಯೇ ವಸಂತದಲ್ಲಿ ಅಷ್ಟೂ ಎಲೆ ಬಿಡುತ್ತದೆ. ಎಳೆ ಎಲೆ ಮೃದುವಾಗಿ, ತಿಳಿಬಣ್ಣದಲ್ಲಿ ಇರುವಾಗ ಕಣಜ ಹೆಚ್ಚುಕಮ್ಮಿ ಖಾಲಿ. ಎಲೆ ಬಲಿತು ಗಟ್ಟಿಯಾದ ಮೇಲೆ ಅದು ಮತ್ತೆ ತುಂಬುತ್ತದೆ. ಹಾಗಾಗಿ ಎಳೆ ಎಲೆಯ ಹೊತ್ತಿನಲ್ಲಿ ಕತ್ತರಿಸಿದರೆ ಹೊಡೆತ ಜಾಸ್ತಿ, ಎಲೆ ಬಲಿತ ಮೇಲೆ ಕತ್ತರಿಸಿದರೆ ಗಾಯವೂ ಬೇಗ ಮುಚ್ಚಿಕೊಳ್ಳುತ್ತದೆ. ನಾನು ತಿಂಗಳಿನ ಹೆಸರು ಹೇಳದೆ ಎಲೆ, ಮೊಗ್ಗಿನ ಲೆಕ್ಕ ಹೇಳುವುದು ಇದಕ್ಕೇ. ಒಂದೊಂದು ಕಡೆ ಒಂದೊಂದು ತಿಂಗಳು, ಗಿಡದ ಸ್ಥಿತಿ ಮಾತ್ರ ಎಲ್ಲ ಕಡೆ ಒಂದೇ ಅರ್ಥ ಕೊಡುತ್ತದೆ.

ಗಿಡಗಳನ್ನು ಸಾಯಿಸುವುದು ಬೇರೆಯೇ ಅಭ್ಯಾಸ: ಒಂದೇ ದಿನ ಕಾಂಡ ಕತ್ತರಿಸಿ, ಬೇರು ಕತ್ತರಿಸಿ, ತಂತಿ ಸುತ್ತಿ, ಚಿಕ್ಕ ಕುಂಡಕ್ಕೆ ಹಾಕುವುದು. ಮೇಲೆ ಎಲೆ ಇಲ್ಲ, ಕೆಳಗೆ ಬೇರು ಇಲ್ಲ, ಗಿಡ ಯಾವುದರಿಂದ ಚೇತರಿಸಿಕೊಳ್ಳಬೇಕು? ಟ್ರೈಡೆಂಟ್ ಮೇಪಲ್, ಚೈನೀಸ್ ಎಲ್ಮ್ ಮರಗಳು ಇಂಥದ್ದನ್ನೂ ಕೆಲವೊಮ್ಮೆ ತಡೆದುಕೊಳ್ಳುತ್ತವೆ. ಜಪಾನೀಸ್ ಮೇಪಲ್, ಅದರಲ್ಲೂ ಕಸಿಯ ತಳಿ, ಅಷ್ಟು ಗಟ್ಟಿ ಅಲ್ಲ. ಒಂದು ಬೆಳವಣಿಗೆಯ ಕಾಲಕ್ಕೆ ಒಂದೇ ದೊಡ್ಡ ಕೆಲಸ. ಇದೊಂದನ್ನು ಪಾಲಿಸಿದರೆ ಉಳಿದ ತಪ್ಪುಗಳು ಬಹಳಷ್ಟು ಮಾಫಿ ಆಗುತ್ತವೆ.

ನಿಮ್ಮ ಮುಂದಿರುವ ದಾರಿಗಳು

ಒಂದು, ಕಸಿಯ ಮೇಲೆ ಒಂದು ಗೇಣು ಬಿಟ್ಟು ಕಾಂಡ ಕತ್ತರಿಸುವುದು. ಕೆಂಪೆಲೆ ಉಳಿಯುತ್ತದೆ, ಗಂಟೂ ಉಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಮೇಪಲ್‌ನ ಬೋಳು ಕಾಂಡವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದರೆ ಅಲ್ಲಲ್ಲಿ ಉಂಗುರದಂಥ ತೆಳುಗೆರೆ ಕಾಣುತ್ತದೆ. ಅವು ಹಳೆಯ ಗಿಣ್ಣುಗಳು, ಮಲಗಿರುವ ಮೊಗ್ಗುಗಳು ಇರುವುದು ಅಲ್ಲೇ. ಎರಡು ಗೆರೆಗಳ ನಡುವಿನ ಕಾಂಡದಿಂದ ಚಿಗುರು ಬರುವುದು ಅಪರೂಪ. ಬೇಕಾದ ಗೆರೆಗಿಂತ ಒಂದು ಬೆರಳು ಮೇಲೆ ಕತ್ತರಿಸಿ, ಆ ಮೋಟು ಹಾಗೇ ಇರಲಿ. ಮೇಪಲ್ ಗಾಯದಿಂದ ಕೆಳಗೆ ಗಿಣ್ಣಿನವರೆಗೆ ಒಣಗುವುದು ಮಾಮೂಲು. ಗೆರೆಗೆ ಅಂಟಿಕೊಂಡೇ ಕತ್ತರಿಸಿದರೆ ಮೊಗ್ಗೂ ಒಣಗಿ ಹೋಗುತ್ತದೆ. ಚಿಗುರು ಬಲಿತ ಮೇಲೆ, ಮುಂದಿನ ವರ್ಷ, ಮೋಟನ್ನು ಓರೆಯಾಗಿ ತೆಗೆಯಿರಿ. ಈ ದಾರಿಯ ಅಪಾಯ ಏನೆಂದರೆ ಹಳೆಯ ಬೋಳು ಕಾಂಡ ಚಿಗುರದೆಯೂ ಇರಬಹುದು. ಆಗ ಕೆಂಪು ಭಾಗ ಕಸಿಯವರೆಗೆ ಒಣಗಿ ಕೆಳಗಿನ ಹಸಿರು ಮಾತ್ರ ಉಳಿಯುತ್ತದೆ.

ಎರಡು, ಕಸಿಯ ಕೆಳಗೇ ಕತ್ತರಿಸುವುದು. ಸಿಗುವುದು ಹೆಸರಿಲ್ಲದ ಹಸಿರು ಮೇಪಲ್. ಮೂಗು ಮುರಿಯಬೇಡಿ, ಬೋನ್ಸಾಯ್‌ಗೆ ಅದೇ ಹೆಚ್ಚಾಗಿ ವಾಸಿ. ಬ್ಲಡ್‌ಗುಡ್‌ನ ಎಲೆ ದೊಡ್ಡದು, ಗಿಣ್ಣುಗಳ ನಡುವಿನ ಅಂತರವೂ ಉದ್ದ, ಚಿಕ್ಕ ಮರದಲ್ಲಿ ಎರಡೂ ತೊಡಕು. ಆದರೆ ನಿಮ್ಮಲ್ಲಿ ಕಸಿಯ ಕೆಳಗೆ ಇರುವುದು ಮೂರು ಬೆರಳು ಮೋಟು. ಅದರಲ್ಲಿ ಒಂದೋ ಎರಡೋ ಗಿಣ್ಣು. ಅವು ಚಿಗುರದಿದ್ದರೆ ಗಿಡ ಕಳಕೊಂಡ ಹಾಗೆ. ಇದೊಂದನ್ನೇ ನಂಬಿ ಈಗ ಕತ್ತರಿಸಲು ನಾನು ಹೇಳುವುದಿಲ್ಲ.

ಮೂರು, ದೊಡ್ಡ ಕುಂಡಕ್ಕೋ ನೆಲಕ್ಕೋ ಹಾಕಿ ಕೆಲವು ವರ್ಷ ಸುಮ್ನೆ ಬಿಡುವುದು. ಕಾಂಡ ದಪ್ಪವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಸಿ ಇಲ್ಲದ, ಬೇರು ಚೆನ್ನಾಗಿರುವ ಗಿಡ ಆಗಿದ್ದರೆ ಇದನ್ನೇ ಹೇಳುತ್ತಿದ್ದೆ. ನಿಮ್ಮದರಲ್ಲಿ ಗಂಟು, ಸುತ್ತುಬೇರು ಎರಡೂ ಜೊತೆಗೆ ದಪ್ಪ ಆಗುತ್ತವೆ.

ನಾಲ್ಕನೆಯದು ಗೂಟಿ. ನನ್ನ ಒಲವು ಇದರ ಕಡೆಗೆ. ಕಾಂಡದ ಮಧ್ಯದಲ್ಲೇ ಹೊಸ ಬೇರು ಬರಿಸಿ ಮೇಲಿನ ಭಾಗವನ್ನು ಬೇರೆ ಗಿಡವಾಗಿ ಇಳಿಸುವುದು. ಗಂಟು ಕೆಳಗೆ ಉಳಿಯುತ್ತದೆ, ಬೋಳು ಕಾಂಡವೂ ಕೆಳಗೆ ಉಳಿಯುತ್ತದೆ, ಹೊಸ ಗಿಡಕ್ಕೆ ಬುಡದ ಹತ್ತಿರವೇ ರೆಂಬೆ ಇರುತ್ತದೆ, ಬೇರು ಸುತ್ತಲೂ ಒಂದೇ ಮಟ್ಟದಲ್ಲಿ ಹೊರಡುತ್ತವೆ. ಚೆಂದದ ನೆಬಾರಿ ಪಡೆಯುವುದಕ್ಕೆ ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಇದಕ್ಕೆ ಕೊಡಬೇಕಾದ ಬೆಲೆಯೂ ಇದೆ. ಒಂದೂವರೆ ಅಡಿ ಮೇಲೆ ಕಾಂಡ ಬುಡಕ್ಕಿಂತ ಸಣ್ಣಗಿರುತ್ತದೆ, ಅದನ್ನು ದಪ್ಪ ಮಾಡಲು ಮತ್ತೆ ಕೆಲವು ವರ್ಷ ಬೇಕು. ಕೆಲವು ನಾಜೂಕು ತಳಿಗಳು, ಎಲೆ ಬಹಳ ಸೀಳಿದವು, ಬಣ್ಣ ಬೆರೆತವು, ಸ್ವಂತ ಬೇರಿನ ಮೇಲೆ ಸೊರಗುತ್ತವೆ. ಬ್ಲಡ್‌ಗುಡ್ ಹುರುಪಿನ ತಳಿ, ಆ ಚಿಂತೆ ಕಡಿಮೆ.

ಗೂಟಿ ಕಟ್ಟುವ ಕ್ರಮ

ಕೆಳಗಿನ ಒಳ್ಳೆಯ ರೆಂಬೆಗಿಂತ ನಾಲ್ಕೈದು ಸೆಂ.ಮೀ. ಕೆಳಗೆ ಜಾಗ ಗುರುತು ಮಾಡಿ. ಆ ಗೆರೆಯೇ ಮುಂದಿನ ಮರದ ನೆಲಮಟ್ಟ. ಚೂಪಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಗುರುತಿನಲ್ಲಿ ಕಾಂಡದ ಸುತ್ತ ಕಟ್ಟಿಗೆ ಮುಟ್ಟುವವರೆಗೆ ಒಂದು ಗೆರೆ ಹಾಕಿ. ಕಾಂಡದ ದಪ್ಪದ ಒಂದೂವರೆಯಷ್ಟು ಕೆಳಗೆ ಇನ್ನೊಂದು ಗೆರೆ. ಎರಡನ್ನೂ ಕೂಡಿಸುವ ಒಂದು ಉದ್ದ ಗೀರು. ಎಲೆ ಬಲಿತ ಈ ಹೊತ್ತಿನಲ್ಲಿ ತೊಗಟೆ ಬಳೆಯ ಹಾಗೆ ಸುಲಭವಾಗಿ ಬಿಟ್ಟು ಬರುತ್ತದೆ.

ಹೆಚ್ಚಿನವರು ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ತೊಗಟೆ ತೆಗೆದ ಮೇಲೆ ಕಟ್ಟಿಗೆಯ ಮೇಲೆ ಬೆರಳಾಡಿಸಿ. ಜಾರುತ್ತದೆ, ಒದ್ದೆ ಒದ್ದೆ ಇರುತ್ತದೆ. ಅದು ಉಳಿದ ಕ್ಯಾಂಬಿಯಂ. ಬಿಟ್ಟರೆ ಅದು ಕೆಲವೇ ವಾರಗಳಲ್ಲಿ ಮತ್ತೆ ತೊಗಟೆ ಕಟ್ಟಿ ಎರಡು ತುದಿಗಳನ್ನು ಕೂಡಿಸಿಬಿಡುತ್ತದೆ, ಬೇರು ಬರುವುದೇ ಇಲ್ಲ. ಚಾಕುವಿನ ಅಲಗನ್ನು ಅಡ್ಡಹಿಡಿದು ಸುತ್ತಲೂ ಕೆರೆಯಿರಿ. ಬೆರಳಿಗೆ ಒಣ ಕಟ್ಟಿಗೆ ತಾಕುವವರೆಗೆ ಬಿಡಬೇಡಿ. ಕಟ್ಟಿಗೆಯೊಳಕ್ಕೆ ಆಳವಾಗಿ ಕೊರೆಯಲೂ ಬೇಡಿ, ನೀರು ಮೇಲಕ್ಕೆ ಹೋಗುವುದು ಅದರಲ್ಲೇ. ಗೂಟಿ ಕಟ್ಟಿದ ಮೇಲೂ ಎಲೆ ಬಾಡದೆ ಇರುವುದಕ್ಕೆ ಕಾರಣ ಇದೇ. ನೀರು ಒಳಗಿನ ಕಟ್ಟಿಗೆಯಲ್ಲಿ ಏರುತ್ತಲೇ ಇರುತ್ತದೆ, ಎಲೆಯಿಂದ ಇಳಿದು ಬರುವ ಸಕ್ಕರೆ ಮತ್ತು ಆಕ್ಸಿನ್ ಎಂಬ ಹಾರ್ಮೋನು ಮಾತ್ರ ಮೇಲಿನ ಗೆರೆಯಲ್ಲಿ ತಡೆದು ನಿಲ್ಲುತ್ತವೆ. ಬೇರು ಹುಟ್ಟುವುದು ಆ ಮೇಲಿನ ಅಂಚಿನಿಂದ. ಅದಕ್ಕೇ ಮೇಲಿನ ಗೆರೆ ನೀಟಾಗಿರಬೇಕು. ಕೆಳಗಿನದು ಹೇಗಿದ್ದರೂ ನಡೆಯುತ್ತದೆ.

ಮೇಲಿನ ಅಂಚಿಗೆ ಬೇರು ಬರಿಸುವ ಪುಡಿ ಸ್ವಲ್ಪ ಹಚ್ಚಿ. ನೆನೆಸಿದ ಸ್ಫ್ಯಾಗ್ನಮ್ ಪಾಚಿಯನ್ನು ಚೆನ್ನಾಗಿ ಹಿಂಡಿ, ಮೇಲಿನ ಗೆರೆ ಮುಚ್ಚುವ ಹಾಗೆ ದಪ್ಪವಾಗಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟಿ. ಬಿಸಿಲು ಬೀಳುವ ಜಾಗವಾದರೆ ಮೇಲೆ ಒಂದು ಫಾಯಿಲ್ ಸುತ್ತು. ಪಾಚಿ ಸದಾ ತೇವವಾಗಿರಲಿ, ನೀರು ತೊಟ್ಟಿಕ್ಕುವಷ್ಟು ಬೇಡ. ಎಲೆ, ರೆಂಬೆ ಒಂದನ್ನೂ ಕತ್ತರಿಸಬೇಡಿ, ಬೇರಿಗೆ ಊಟ ಅಲ್ಲಿಂದಲೇ ಬರಬೇಕು. ಕುಂಡದ ಬೇರು ತುಂಬಿರುವುದರಿಂದ ನೀರು ಬೇಗ ಆರುತ್ತದೆ, ಆ ಕಡೆಯೂ ಗಮನ ಇರಲಿ. ದಿನಕ್ಕೆ ಎರಡು ಸಲ ನೀರು ಕೊಟ್ಟರೂ ಸಾಲದಿದ್ದರೆ ಮಣ್ಣಿನ ಗಡ್ಡೆ ಒಡೆಯದೆ ಒಂದು ದೊಡ್ಡ ಕುಂಡದೊಳಗೆ ಇಳಿಸಿ ಸುತ್ತ ಹೊಸ ಮಣ್ಣು ತುಂಬಿ.

ಮೇಪಲ್‌ಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಪ್ಲಾಸ್ಟಿಕ್‌ನೊಳಗೆ ಮೊದಲು ಬಿಳಿ ಬೇರು ಕಾಣುತ್ತದೆ. ಕಂಡ ತಕ್ಷಣ ಕತ್ತರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಬೇರು ಕವಲೊಡೆದು, ಬಣ್ಣ ಸ್ವಲ್ಪ ಕಂದಾಗಿ, ಪಾಚಿಯ ಉಂಡೆಯನ್ನು ತುಂಬಲಿ. ಆಮೇಲೆ ಅದರ ಕೆಳಗೆ ಕತ್ತರಿಸಿ, ಪಾಚಿ ಬಿಡಿಸದೆ, ಸಾಧಾರಣ ಆಳದ ಕುಂಡಕ್ಕೆ ಹಾಕಿ, ಅಲ್ಲಾಡದ ಹಾಗೆ ದಾರದಿಂದ ಬಿಗಿಯಿರಿ. ಹೊಸ ಬೇರು ತುಂಬಾ ಪೆಳಸು, ಗಾಳಿಗೆ ಕಾಂಡ ಅಲ್ಲಾಡಿದರೆ ಮುರಿಯುತ್ತವೆ. ಎಲೆ ಉದುರುವ ಕಾಲ ಹತ್ತಿರ ಬಂದರೂ ಬೇರು ತೆಳ್ಳಗೇ ಇದ್ದರೆ ಬೇರ್ಪಡಿಸುವ ಕೆಲಸ ಮುಂದಿನ ವಸಂತಕ್ಕೆ ಇರಲಿ. ಗೂಟಿಯನ್ನು ಹೆಪ್ಪುಗಟ್ಟುವ ಚಳಿಯಿಂದ ಕಾಪಾಡಿದರೆ ಸಾಕು.

ಬೇರು ಬರಲೇ ಇಲ್ಲ, ಅಂಚಿನಲ್ಲಿ ಬಿಳಿ ಗಂಟುಗಂಟು ಮಾತ್ರ ಬೆಳೆದಿದೆ ಎಂದರೆ ಗಾಬರಿ ಬೇಡ. ಅದು ಗಾಯದ ಅಂಗಾಂಶ. ಕೆಳಗಿನ ತೊಗಟೆಗೆ ಸೇತುವೆ ಕಟ್ಟಿದ್ದರೆ ಅದನ್ನು ಕತ್ತರಿಸಿ, ಉಬ್ಬಿದ ಗಂಟನ್ನು ಅಲ್ಲಲ್ಲಿ ಗೀರಿ, ಮತ್ತೆ ಪಾಚಿ ಕಟ್ಟಿ.

ಇಳಿಸಿದ ಮೇಲೆ

ಮೊದಲ ವರ್ಷ ಬೇರು ಹಿಡಿಯಲಿ, ಅಷ್ಟೇ. ಅದರ ಮುಂದಿನ ವರ್ಷ, ಹೊಸ ಎಲೆ ಬಲಿತ ಮೇಲೆ, ತಲೆಯನ್ನು ಕೆಳಗಿನ ಒಂದು ರೆಂಬೆಯವರೆಗೆ ಕತ್ತರಿಸಿ ಆ ರೆಂಬೆಯನ್ನೇ ಹೊಸ ತುದಿ ಮಾಡಿ. ದಪ್ಪ ಕಾಂಡದ ಮೇಲೆ ಸಣ್ಣ ಕಾಂಡ, ಸ್ವಲ್ಪ ಬಾಗು, ಹೀಗೆ ಕೋಲಿನ ನೋಟ ಹೋಗುತ್ತದೆ. ಕೆಲವು ವರ್ಷಕ್ಕೊಮ್ಮೆ ಇದನ್ನೇ ಮತ್ತೆ ಮಾಡಬೇಕು. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ವಿವರಿಸಿದಂತೆ ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಹಾಳಾದ ಭಾಗವನ್ನು ಒಳಗೇ ಪ್ರತ್ಯೇಕಿಸಿ, ಮೇಲೆ ಹೊಸ ಕಟ್ಟಿಗೆಯಿಂದ ಮುಚ್ಚಿಕೊಳ್ಳುತ್ತದೆ. ಮೇಪಲ್‌ನ ನುಣುಪು ತೊಗಟೆಯಲ್ಲಿ ಆ ಗುರುತು ವರ್ಷಗಟ್ಟಲೆ ಕಾಣುತ್ತದೆ. ಅದಕ್ಕೇ ದೊಡ್ಡ ಕತ್ತರಿಕೆಗಳು ಹಿಂಬದಿಗೆ ಬರುವ ಹಾಗೆ ನೋಡಿಕೊಳ್ಳಿ.

ಮೇಪಲ್‌ನಲ್ಲಿ ಎಲೆ, ಮೊಗ್ಗು ಎಲ್ಲ ಎದುರುಬದುರು ಜೋಡಿಯಾಗಿ ಬರುತ್ತವೆ. ನರ್ಸರಿಯಲ್ಲಿ ಒಮ್ಮೆ ಸವರಿದ ಜಾಗದಲ್ಲಿ ಮೂರು ನಾಲ್ಕು ರೆಂಬೆ ಒಂದೇ ಕಡೆಯಿಂದ ಹೊರಟಿರುವುದೂ ಉಂಟು. ಬಿಟ್ಟರೆ ಆ ಜಾಗ ಊದಿಕೊಂಡು ಕೆಳಗಿಗಿಂತ ಮೇಲೆ ದಪ್ಪ ಆಗುತ್ತದೆ, ಆಮೇಲೆ ಸರಿಮಾಡುವುದು ಕಷ್ಟ. ಒಂದು ಕಡೆ ಎರಡಕ್ಕಿಂತ ಹೆಚ್ಚು ಕವಲು ಇರದ ಹಾಗೆ ಚಿಕ್ಕದಿರುವಾಗಲೇ ತೆಗೆಯಿರಿ.

ತಂತಿಯ ಬಗ್ಗೆ: ನೀವು ತಂದ ಅಲ್ಯೂಮಿನಿಯಂ ಸರಿಯಾದದ್ದೇ, ಎಲೆ ಉದುರುವ ಮರಗಳಿಗೆ ಅದರ ಮೆದುವೇ ವಾಸಿ. ಆದರೆ ಹೆಬ್ಬೆರಳು ದಪ್ಪದ ನೆಟ್ಟನೆಯ ಕಾಂಡವನ್ನು ತಂತಿಯಿಂದ ಬಾಗಿಸುವುದು ಆಗದ ಮಾತು, ಮುರಿಯುವುದೇ ಹೆಚ್ಚು. ತಂತಿ ಎಳೆ ರೆಂಬೆಗಳಿಗೆ. ರೆಂಬೆಯ ಮೂರನೇ ಒಂದು ಭಾಗ ದಪ್ಪದ ತಂತಿ, 45 ಡಿಗ್ರಿ ಓರೆಯಲ್ಲಿ. ವಸಂತದಲ್ಲಿ ಸುತ್ತಿದರೆ ನಾಲ್ಕಾರು ವಾರದೊಳಗೇ ತೊಗಟೆಗೆ ಇಳಿಯಬಹುದು, ವಾರಕ್ಕೊಮ್ಮೆ ನೋಡಿ. ತೆಗೆಯುವಾಗ ಬಿಚ್ಚಬೇಡಿ, ತುಂಡು ತುಂಡಾಗಿ ಕತ್ತರಿಸಿ. ತಂತಿಯೇ ಬೇಡ ಎನ್ನುವವರಿಗೂ ದಾರಿ ಇದೆ. ದಕ್ಷಿಣ ಚೀನಾದ ಲಿಂಗ್ನಾನ್ ಪದ್ಧತಿಯಲ್ಲಿ ಮುಖ್ಯವಾಗಿ ಬೆಳೆಸಿ ಕತ್ತರಿಸಿ, ಮತ್ತೆ ಬೆಳೆಸಿ ಕತ್ತರಿಸಿಯೇ ಕೊಂಬೆಗೆ ತಿರುವು ತರುತ್ತಾರೆ. ಮೇಪಲ್‌ಗೆ ಅದು ಚೆನ್ನಾಗಿ ಒಗ್ಗುತ್ತದೆ.

ಎಲೆ ಕೀಳುವ ವಿಚಾರ. ಕಿತ್ತರೆ ಎರಡನೇ ಸಲ ಬರುವ ಎಲೆ ಚಿಕ್ಕದು, ಅದು ನಿಜ. ಆದರೆ ಅದು ಮುಗಿಯುತ್ತಾ ಬಂದ, ಆರೋಗ್ಯವಾಗಿರುವ ಮರಕ್ಕೆ ಮಾಡುವ ಕೊನೆಯ ಹಂತದ ಕೆಲಸ. ಕಾಂಡ ದಪ್ಪ ಆಗಬೇಕಾದ ಗಿಡದ ಎಲೆ ಕೀಳುವುದೆಂದರೆ ಅದರ ಅನ್ನ ಕಿತ್ತ ಹಾಗೆ. ಎಲೆ ನಿಜವಾಗಿ ಚಿಕ್ಕದಾಗುವುದು ಕವಲು ಹೆಚ್ಚಿದಾಗ. ನೂರು ತುದಿಗೆ ಹಂಚುವ ಶಕ್ತಿ ಸಾವಿರ ತುದಿಗೆ ಹಂಚಿದರೆ ಪ್ರತಿ ಎಲೆ ತಾನಾಗಿ ಚಿಕ್ಕದಾಗುತ್ತದೆ. ಪ್ರತಿ ಚಿಗುರಿನ ತುದಿ ಚಿವುಟುತ್ತಾ ಕೂರುವುದೂ ಈ ಹಂತದಲ್ಲಿ ಬೇಡ. ಯುರೋಪಿನ ಹೆಸರಾಂತ ಬೋನ್ಸಾಯ್ ಕಲಾವಿದ ವಾಲ್ಟರ್ ಪಾಲ್ ಚಿಗುರುಗಳನ್ನು ಉದ್ದಕ್ಕೆ ಓಡಲು ಬಿಟ್ಟು, ಬಲಿತ ಮೇಲೆ ಬೇಲಿ ಸವರಿದ ಹಾಗೆ ಒಟ್ಟಿಗೆ ಸವರುವುದನ್ನು ಹೇಳಿಕೊಡುತ್ತಾರೆ. ಬೆಳೆಯುತ್ತಿರುವ ಗಿಡಕ್ಕೆ ನಾನೂ ಅದನ್ನೇ ಒಪ್ಪುತ್ತೇನೆ.

ಮನೆಯೊಳಗೆ ಇಡಬಹುದೇ ಎಂದರೆ ಇಲ್ಲ. ಎಲೆ ಉದುರಿಸಿ ಮಲಗುವುದು ಮೇಪಲ್‌ಗೆ ಅಗತ್ಯ, ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ವಾರಗಟ್ಟಲೆ ಸಿಕ್ಕರೇ ಮುಂದಿನ ವಸಂತದ ಮೊಗ್ಗು ಸರಿಯಾಗಿ ಒಡೆಯುತ್ತದೆ. ಕಿಟಕಿಯ ಬೆಚ್ಚಗಿನ ಜಾಗದಲ್ಲಿ ಒಂದೆರಡು ವರ್ಷ ತಳ್ಳಿ ಆಮೇಲೆ ಸೊರಗುತ್ತದೆ. ನೀವಿರುವ ಕಡೆ ಅಂಥ ಚಳಿಯೇ ಇಲ್ಲದಿದ್ದರೆ ಮೇಪಲ್ ಹಿಡಿದುಕೊಂಡು ಒದ್ದಾಡುವುದಕ್ಕಿಂತ ಚೈನೀಸ್ ಎಲ್ಮ್ ಒಳ್ಳೆಯದು, ಅದು ಬೆಚ್ಚಗಿನ ಕಡೆ ಎಲೆ ಪೂರ್ತಿ ಉದುರಿಸದೆಯೂ ಸುಧಾರಿಸಿಕೊಳ್ಳುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು, ಬಿಸಿಗಾಳಿಯಿಂದ ಮರೆ. ಎಲೆಯ ಅಂಚು ಸುಟ್ಟ ಹಾಗೆ ಒಣಗಿದರೆ ಮೊದಲು ಅನುಮಾನಿಸಬೇಕಾದ್ದು ಬಿಸಿಲು, ಗಾಳಿ ಮತ್ತು ನೀರು, ರೋಗ ಆಮೇಲೆ.

ಮಣ್ಣಿಗೆ 3ರಿಂದ 6 ಮಿ.ಮೀ. ಕಾಳಿನ ಅಕಡಾಮಾ (ಜಪಾನಿನ ಗಟ್ಟಿ ಜೇಡಿಮಣ್ಣಿನ ಕಾಳು), ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು ಇಂಥವನ್ನು ಜರಡಿ ಹಿಡಿದು ಬಳಸಿ, ಪುಡಿ ಬಿಸಾಡಿ. ತಳಕ್ಕೆ ದಪ್ಪ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅನ್ನುವುದು ಹಳೆಯ ನಂಬಿಕೆ. ನೀರು ಸಣ್ಣ ಕಾಳಿನಿಂದ ದಪ್ಪ ಕಾಳಿಗೆ ಸುಲಭವಾಗಿ ಇಳಿಯುವುದಿಲ್ಲ, ಒದ್ದೆಯ ಮಟ್ಟ ಬೇರಿನ ಹತ್ತಿರಕ್ಕೆ ಏರುತ್ತದೆ ಅಷ್ಟೇ.

ಇನ್ನು, ಗೂಟಿ ಇಳಿಸಿದ ಮೇಲೆ ಕೆಳಗೆ ಉಳಿದ ಬೋಳು ಮೋಟನ್ನು ಎಸೆಯಬೇಡಿ. ಅದಕ್ಕೆ ನೀರು ಕೊಡುತ್ತಾ ಇರಿ. ಎಲೆ ಒಂದೂ ಇಲ್ಲದಿದ್ದರೂ ಅದರ ಬೇರಿನಲ್ಲಿ ಇನ್ನೂ ಶಕ್ತಿ ಇರುತ್ತದೆ, ಆ ವರ್ಷವೇ ಅಥವಾ ಮುಂದಿನ ವಸಂತದಲ್ಲಿ ಎಲ್ಲಾದರೂ ಚಿಗುರಬಹುದು. ಚಿಗುರು ಕಸಿಯ ಕೆಳಗಿನಿಂದ ಬಂದರೆ, ಅದು ಒಂದು ವರ್ಷ ಓಡಿ ಗಟ್ಟಿಯಾದ ಮೇಲೆ ಗಂಟಿನ ಸಮೇತ ಮೇಲಿನದನ್ನು ತೆಗೆಯಿರಿ. ಅದರ ಮುಂದಿನ ವಸಂತದಲ್ಲಿ ಮೊಗ್ಗು ಉಬ್ಬಿ ಇನ್ನೂ ಒಡೆಯದಿರುವಾಗ ಕುಂಡದಿಂದ ಹೊರತೆಗೆದು ಸುತ್ತುಬೇರುಗಳನ್ನು ಬಿಡಿಸಿ. ಕೆಳಕ್ಕೆ ಇಳಿಯುವ ದಪ್ಪ ಬೇರುಗಳನ್ನು ಮೋಟು ಮಾಡಿ, ಪಕ್ಕಕ್ಕೆ ಹೋಗುವ ಸಣ್ಣ ಬೇರುಗಳನ್ನು ಉಳಿಸಿ, ಒಂದು ಹಲಗೆಯ ಮೇಲೆ ಹರಡಿ ಕಟ್ಟಿ ಅಗಲದ ಪೆಟ್ಟಿಗೆಯಲ್ಲಿ ನೆಡಿ. ಚಿಗುರು ಕಸಿಯ ಮೇಲಿನಿಂದ ಮಾತ್ರ ಬಂದರೆ ಅಷ್ಟೆಲ್ಲ ಕಷ್ಟಪಡಬೇಡಿ, ಅದನ್ನು ತೋಟದ ಗಿಡವಾಗಿಯೇ ನೆಡಿ.